ಬದು, ಬೀಳು, ಗೋಮಾಳಗಳಿಗೆ ಹೂಗಿಡಗಳ ಬೆರಕೆಬೀಜವನ್ನು ಆರಿಸುವ ಕ್ರಮ

ಹೊಲದೊಳಗೆ ಬಿತ್ತುವ ಬೀಜದ ವಿಷಯದಲ್ಲಿ ನಮ್ಮ ರೈತರು ತೋರಿಸುವ ಎಚ್ಚರವು ಸರ್ವರಿಗೂ ತಿಳಿದುದೇ. ರಾಗಿಗೆ ಯಾವ ನೆಲ, ಜೋಳಕ್ಕೆ ಯಾವ ನೆಲ, ಯಾವ ಮಳೆಗೆ ಯಾವುದನ್ನು ಬಿತ್ತಬೇಕು ಎಂಬುದನ್ನು ಅವರಿಗೆ ಹೊರಗಿನವರು ಬಂದು ಕಲಿಸಬೇಕಾದುದಿಲ್ಲ. ಆದರೆ ಅದೇ ಹೊಲದ ಸುತ್ತಲಿರುವ ಬದು, ಬಂಡಿದಾರಿಯ ಮಗ್ಗುಲು, ಬೀಳುಬಿದ್ದ ಮೂಲೆ, ಊರಿನ ಗೋಮಾಳ ಇವುಗಳಲ್ಲಿ ಏನು ಬೆಳೆಯಬೇಕೆಂಬ ನಿರ್ಣಯವನ್ನು ನಾವು ಗಾಳಿಗೂ ದನಗಳ ಕಾಲಿಗೂ ಒಪ್ಪಿಸಿಬಿಟ್ಟಿದ್ದೇವೆ. ಹಾಗೆ ಬಿಟ್ಟ ಜಾಗದಲ್ಲಿ ತುಂಬೆಯೂ ತಂಗಡಿಯೂ ತಾವಾಗಿ ಎದ್ದು ಹೂವಾಗುತ್ತಿದ್ದ ದಿನಗಳು ಅನೇಕ ಊರುಗಳಲ್ಲಿ ಹಿಂದಾದುವು. ಈಗ ಅಲ್ಲಿ ಮೊದಲು ಏಳುವುದು ಕಾಂಗ್ರೆಸ್ ಗಿಡ.

ಇತ್ತ ಪೇಟೆಗಳಲ್ಲಿ ಕಾಡುಹೂಗಳ ಬೀಜವೆಂದು ಬಣ್ಣದ ಚಿತ್ರವುಳ್ಳ ಪೊಟ್ಟಣಗಳು ಮಾರಾಟಕ್ಕೆ ಬರುತ್ತಿವೆ. ಅವುಗಳನ್ನು ತಂದು ಎರಚಿದ ಮಾತ್ರಕ್ಕೆ ಬದುವು ಸುಧಾರಿಸುವುದಿಲ್ಲ. ಬೆರಕೆಬೀಜವನ್ನು ನಿರ್ಣಯಿಸತಕ್ಕದ್ದು ಅಂಗಡಿಯಲ್ಲ, ಅದು ಬೀಳುವ ನೆಲ. ಯಾವ ಜಾಗಕ್ಕೆ ಯಾವ ಗಿಡಗಳನ್ನು, ಎಷ್ಟೆಷ್ಟು ಪಾಲಿನಲ್ಲಿ, ಯಾವ ಮಳೆಗೆ ಹಾಕಬೇಕೆಂಬುದನ್ನು ಗ್ರಾಮಮುಖಂಡರೂ ಜಮೀನುದಾರರೂ ತಾವೇ ಲೆಕ್ಕ ಹಾಕಿಕೊಳ್ಳುವಂತೆ ವಿವರಿಸುವುದೇ ಈ ಲೇಖನದ ಉದ್ದೇಶ.

೧. ಬದುವಿನ ಹೂವಿನಿಂದ ಬೆಳೆಗೆ ಆಗುವ ಉಪಕಾರ

ಹೂವು ನೋಟಕ್ಕೆ ಮಾತ್ರವೆಂದು ಎಣಿಸುವವರು ಕುಂಬಳದ ಬಳ್ಳಿಯನ್ನು ಒಮ್ಮೆ ಪರೀಕ್ಷಿಸಲಿ. ಅದರಲ್ಲಿ ಗಂಡುಹೂ ಬೇರೆ, ಹೆಣ್ಣುಹೂ ಬೇರೆ. ಮುಂಜಾನೆ ಅರಳಿದ ಹೂವು ಹೊತ್ತೇರುವುದರೊಳಗೆ ಮುದುಡುತ್ತದೆ. ಆ ಕೆಲವು ಗಂಟೆಗಳಲ್ಲಿ ಜೇನ್ನೊಣವೋ ದುಂಬಿಯೋ ಪರಾಗವನ್ನು ಒಯ್ದು ಮುಟ್ಟಿಸದಿದ್ದರೆ ಹೀಚು ಹಳದಿಯಾಗಿ ಉದುರಿಹೋಗುತ್ತದೆ. ಇದನ್ನು ಕಂಡು ಬಿಸಿಲಿನ ದೋಷವೆಂದೋ ಗೊಬ್ಬರ ಸಾಲದೆಂದೋ ಹೇಳುವವರು ಬಹಳ. ಹೀರೆ, ಸೋರೆ, ಹಾಗಲಗಳ ಸ್ಥಿತಿಯೂ ಇದೇ. ಹುಚ್ಚೆಳ್ಳು ತನ್ನ ಪರಾಗದಿಂದ ತಾನು ಕಾಳು ಕಟ್ಟುವ ಜಾತಿಯಲ್ಲ. ಒಂದು ಗಿಡದ ಪರಾಗವು ಇನ್ನೊಂದಕ್ಕೆ ತಲುಪಲೇಬೇಕು. ಜಗತ್ತಿನ ಮುಖ್ಯ ಆಹಾರದ ಬೆಳೆಗಳು ೧೧೫ ಎಂದು ಲೆಕ್ಕವಿಟ್ಟು, ಅವುಗಳಲ್ಲಿ ೮೭ ಬೆಳೆಗಳು ಸ್ವಲ್ಪವಾಗಿಯೋ ಪೂರ್ತಿಯಾಗಿಯೋ ಕೀಟ ಮೊದಲಾದ ಪ್ರಾಣಿಗಳ ಪರಾಗಸ್ಪರ್ಶವನ್ನು ಆಶ್ರಯಿಸಿವೆಯೆಂದು ವಿಜ್ಞಾನಿಗಳು ೨೦೦೭ರಲ್ಲಿ ಪ್ರಕಟಿಸಿದರು.

ಈ ಸೇವೆ ಮಾಡುವ ನೊಣಗಳು ನಮ್ಮಲ್ಲಿ ಹಲವು ಬಗೆ: ಹೆಜ್ಜೇನು, ತುಡುವೆ, ಕೋಲುಜೇನು, ಮುಜಂಟಿ, ಇವಲ್ಲದೆ ನೆಲದಲ್ಲಿ ಬಿಲ ತೋಡಿಕೊಂಡು ಒಂಟಿಯಾಗಿ ಬಾಳುವ ನೊಣಗಳು, ಒಣಮರವನ್ನು ಕೊರೆಯುವ ಕಪ್ಪು ದುಂಬಿಗಳು. ಇವುಗಳಲ್ಲಿ ಒಂದನ್ನೇ ನಂಬಿ ಕುಳಿತರೆ ಏನಾಗುವುದೆಂಬುದನ್ನು ೧೯೯೧–೯೨ರಲ್ಲಿ ನಮ್ಮ ನಾಡು ಕಂಡಿತು. ಆಗ ದಕ್ಷಿಣ ಭಾರತಕ್ಕೆ ಬಂದ ಥಾಯ್ ಸ್ಯಾಕ್‌ಬ್ರೂಡ್ ಎಂಬ ನಂಜುರೋಗದಿಂದ ತುಡುವೆ ಜೇನಿನ ಕುಟುಂಬಗಳು ಹತ್ತರಲ್ಲಿ ಒಂಬತ್ತರಷ್ಟು ಅಳಿದುವು. ಪೆಟ್ಟಿಗೆಯ ಜೇನು ಹೋದರೂ ಕಾಡುನೊಣಗಳು ಉಳಿದಿರಬೇಕಾದರೆ ಅವುಗಳಿಗೆ ವರ್ಷವೆಲ್ಲ ತಿನ್ನುವುದಕ್ಕೆ ಹೂವಿರಬೇಕು. ಬೆಳೆಯು ಹೂ ಬಿಡುವುದು ಮೂರು ನಾಲ್ಕು ವಾರ ಮಾತ್ರ. ಉಳಿದ ಕಾಲದಲ್ಲಿ ಅವನ್ನು ಸಾಕತಕ್ಕದ್ದು ಬದುವು.

ಎರಡನೆಯ ಉಪಕಾರವು ಹುಳುಬಾಧೆಗೆ ಸಂಬಂಧಿಸಿದ್ದು. ಸಸ್ಯಹೇನುಗಳನ್ನು ತಿನ್ನುವ ಹೂನೊಣದ ಮರಿಗಳು, ಗುಲಗಂಜಿ ಹುಳುಗಳು, ಪತಂಗದ ಮೊಟ್ಟೆಯೊಳಗೆ ತನ್ನ ಮೊಟ್ಟೆಯನ್ನಿಡುವ ಸಣ್ಣ ಕಣಜಗಳು ರೈತನಿಗೆ ಕೂಲಿಯಿಲ್ಲದ ಆಳುಗಳು. ಇವುಗಳಲ್ಲಿ ಹೂನೊಣವೂ ಕಣಜವೂ ಬೆಳೆದ ಮೇಲೆ ಮಕರಂದದಿಂದಲೂ ಪರಾಗದಿಂದಲೂ ಜೀವಿಸುವುವು. ಚೀನಾ, ವಿಯೆಟ್ನಾಂ, ಥಾಯ್ಲೆಂಡ್ ದೇಶಗಳ ಬತ್ತದ ಗದ್ದೆಗಳ ಬದುಗಳಲ್ಲಿ ಎಳ್ಳು ಮೊದಲಾದ ಮಕರಂದದ ಗಿಡಗಳನ್ನು ಬೆಳೆಸಿ ನಡೆಸಿದ ಪ್ರಯೋಗದ ಫಲವು ೨೦೧೬ರಲ್ಲಿ ಪ್ರಕಟವಾಯಿತು. ಹಾಗೆ ಮಾಡಿದ ಗದ್ದೆಗಳಲ್ಲಿ ಕೀಟನಾಶಕ ಸಿಂಪಡಿಸುವುದು ೧೦೦ಕ್ಕೆ ೭೦ರಷ್ಟು ಕಡಮೆಯಾಯಿತು. ಇಳುವರಿಯು ೧೦೦ಕ್ಕೆ ೫ರಷ್ಟು ಹೆಚ್ಚಿತು. ಬದುವಿನ ಹೂವು ಕಾಸಿನ ಲೆಕ್ಕಕ್ಕೂ ಬರುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಾಗಿಲ್ಲ.

೨. ಆರಿಸುವ ಮೊದಲು ನಿಶ್ಚಯಿಸಬೇಕಾದ ನಾಲ್ಕು ವಿಷಯಗಳು

ಮೊದಲನೆಯದು ನೆಲ. ಮಣ್ಣು ಕೆಂಪೋ, ಎರೆಯೋ, ಜಂಬಿಟ್ಟಿಗೆಯೋ, ಆಳವೆಷ್ಟು, ನೀರು ಇಂಗುವುದೋ ನಿಲ್ಲುವುದೋ ಎಂಬುದನ್ನು ನೋಡತಕ್ಕದ್ದು. ಎಳ್ಳಿನ ಬುಡದಲ್ಲಿ ಎರಡು ದಿನ ನೀರು ನಿಂತರೆ ಗಿಡ ಬಾಡುವುದು. ಗರುಗದ ಸೊಪ್ಪು ಅದೇ ತೇವದಲ್ಲಿ ಹುಲುಸಾಗುವುದು.

ಎರಡನೆಯದು ಮಳೆ. ಆಗುಂಬೆಯಲ್ಲಿ ವರ್ಷಕ್ಕೆ ೭,೦೦೦ ಮಿಲಿಮೀಟರಿಗೆ ಮಿಕ್ಕ ಮಳೆ ಸುರಿದರೆ ಚಳ್ಳಕೆರೆ, ಪಾವಗಡಗಳ ಕಡೆ ೬೦೦ ಮಿಲಿಮೀಟರೂ ಬೀಳದು. ಒಂದೇ ಪೊಟ್ಟಣದ ಬೀಜ ಈ ಎರಡು ಕಡೆಗೂ ಒಪ್ಪುವುದೆಂದು ಹೇಳುವವನ ಮಾತನ್ನು ನಂಬಬಾರದು.

ಮೂರನೆಯದು ದನಕುರಿಗಳ ಓಡಾಟ. ಬೇಲಿಯಿಲ್ಲದ ದಾರಿಯ ಮಗ್ಗುಲಿಗೆ ಅಲಸಂದೆಯನ್ನು ಹಾಕಿದರೆ ಅದು ಹೂ ಬಿಡುವ ಮೊದಲೇ ಮೇಕೆಯ ಹೊಟ್ಟೆ ಸೇರುವುದು. ಅಂತಹ ಕಡೆ ದನ ಬಾಯಿ ಹಾಕದ ತುಂಬೆ, ತಂಗಡಿ, ಲಕ್ಕಿ, ಕಾಮಕಸ್ತೂರಿಗಳೇ ತಕ್ಕವು.

ನಾಲ್ಕನೆಯದು ಪಕ್ಕದ ಬೆಳೆ. ಬದುವಿನ ಗಿಡವು ಬೆಳೆಗೆ ನೆಂಟನಾಗಿರಬೇಕೇ ಹೊರತು ಅದರ ರೋಗಕ್ಕೆ ತವರಾಗಬಾರದು. ಕೋಸಿನ ತೋಟದ ಸುತ್ತ ಸಾಸಿವೆಯನ್ನು ಸುಮ್ಮನೆ ಎರಚಿದರೆ ವಜ್ರಬೆನ್ನಿನ ಪತಂಗವು ಅದಕ್ಕೆ ಎರಗುವುದು. ಇದನ್ನೇ ಕ್ರಮವಾಗಿ ಮಾಡಿದರೆ ಉಪಾಯವಾಗುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಕೋಸಿನ ಪ್ರತಿ ೨೫ ಸಾಲಿಗೆ ಸಾಸಿವೆಯ ಜೋಡಿಸಾಲನ್ನು ಹೇಳಿದ್ದಾರೆ. ಅದರಲ್ಲಿ ಒಂದು ಸಾಲನ್ನು ಕೋಸು ನಾಟಿ ಮಾಡುವ ೧೫ ದಿನ ಮೊದಲು, ಇನ್ನೊಂದನ್ನು ನಾಟಿಯಾದ ೨೫ ದಿನಗಳ ಮೇಲೆ ಬಿತ್ತಿ, ಪತಂಗವನ್ನು ಸಾಸಿವೆಗೆ ಸೆಳೆದು ಅಲ್ಲಿಯೇ ಕೊಲ್ಲತಕ್ಕದ್ದು. ಟೊಮೇಟೋ ಬೆಳೆಯ ಕಾಯಿಕೊರಕಕ್ಕೆ ಅವರು ಹೇಳಿದ ಕ್ರಮವೂ ಇಂಥದೇ: ಪ್ರತಿ ೧೬ ಸಾಲಿಗೆ ಒಂದು ಸಾಲು ಚೆಂಡುಹೂ, ೨೫ ದಿನದ ಟೊಮೇಟೋ ಸಸಿಯ ಜೊತೆಗೆ ೪೫ ದಿನದ ಚೆಂಡುಹೂವಿನ ಸಸಿ. ಎರಡೂ ಏಕಕಾಲದಲ್ಲಿ ಹೂವಾಗಲೆಂದೇ ಈ ವಯಸ್ಸಿನ ಭೇದ.

೩. ಬೆರಕೆಯ ಲೆಕ್ಕ

ಬೆರಕೆಬೀಜದಲ್ಲಿ ಸಾಮಾನ್ಯವಾಗಿ ನಡೆಯುವ ತಪ್ಪು ಯಾವುದೆಂದರೆ ಎಲ್ಲವನ್ನೂ ಸಮತೂಕವಾಗಿ ಸೇರಿಸುವುದು. ಹುಚ್ಚೆಳ್ಳಿನ ಸಾವಿರ ಕಾಳು ಸುಮಾರು ೪ ಗ್ರಾಂ ತೂಗಿದರೆ ಅಲಸಂದೆಯ ಸಾವಿರ ಕಾಳು ಸುಮಾರು ೧೦೦ ಗ್ರಾಂ ತೂಗುತ್ತದೆ. ಆದುದರಿಂದ ಒಂದು ಕಿಲೋಗ್ರಾಮಿನಲ್ಲಿ ಹುಚ್ಚೆಳ್ಳು ೨,೫೦,೦೦೦ ಕಾಳು, ಅಲಸಂದೆ ೧೦,೦೦೦ ಕಾಳು. ಸಮತೂಕವಾಗಿ ಬೆರಸಿದರೆ ಒಂದು ಅಲಸಂದೆಗೆ ಇಪ್ಪತ್ತೈದು ಹುಚ್ಚೆಳ್ಳು ಬೀಳುತ್ತದೆ. ಅಲಸಂದೆಯು ನೆರಳಿನಲ್ಲಿ ಅಡಗಿಹೋಗುತ್ತದೆ.

ಇದಕ್ಕೆ ಸುಲಭವಾದ ಸೂತ್ರವೊಂದುಂಟು. ಒಂದೊಂದು ಗಿಡವನ್ನೂ ಒಂಟಿಯಾಗಿ ಬಿತ್ತುವುದಾದರೆ ಎಷ್ಟು ಬೀಜ ಬೇಕೋ ಅದನ್ನು ಪೂರ್ತಿ ಒಂದು ರೂಪಾಯಿಯೆಂದು ಭಾವಿಸಿ, ಬೆರಕೆಯಲ್ಲಿ ಪ್ರತಿಯೊಂದಕ್ಕೂ ಅದರ ಕೆಲವು ಪೈಸೆಗಳನ್ನು ಕೊಡತಕ್ಕದ್ದು. ಎಲ್ಲದರ ಮೊತ್ತವು ಒಂದು ರೂಪಾಯಿಗೆ ಮೀರಬಾರದು. ನೂರು ಮೀಟರ್ ಉದ್ದ, ಒಂದು ಮೀಟರ್ ಅಗಲದ ಬದುವೆಂದರೆ ಹೆಚ್ಚುಕಡಮೆ ಒಂದು ಗುಂಟೆ. ಒಂದು ಗುಂಟೆಗೆ ಒಂಟಿ ಬಿತ್ತನೆಯ ಪ್ರಮಾಣವು ಸುಮಾರಾಗಿ ಹೀಗಿದೆ: ಹುಚ್ಚೆಳ್ಳು ೫೦ ಗ್ರಾಂ, ಎಳ್ಳು ೨೫, ಹುರುಳಿ ೨೫೦, ಅಲಸಂದೆ ೨೫೦, ಉದ್ದು ೨೦೦, ತೊಗರಿ ೧೨೦, ಕೊತ್ತಂಬರಿ ೧೫೦, ಅಗಸೆ ೨೫೦, ಕುಸುಬೆ ೧೦೦ ಗ್ರಾಂ.

ಗಿಡಗಳನ್ನು ಆರಿಸುವಾಗ ಮೂರು ಮಾತುಗಳನ್ನು ನೆನಪಿಡುವುದು ಸಾಕು. ಬೇಗ ಹೂ ಬಿಡುವುದೊಂದು, ನಡುವೆ ಬಿಡುವುದೊಂದು, ತಡವಾಗಿ ಬಿಡುವುದೊಂದು ಇರಬೇಕು. ನೆಲ ಮುಚ್ಚುವ ಬಳ್ಳಿಯೊಂದು, ಮೊಣಕಾಲೆತ್ತರದ್ದೊಂದು, ಆಳೆತ್ತರದ್ದೊಂದು ಇರಬೇಕು. ಹೂವಿನ ಆಕಾರವೂ ಬೇರೆ ಬೇರೆಯಿರಬೇಕು. ಏಕೆಂದರೆ ತೊಗರಿ, ಅವರೆಗಳ ಹೂವನ್ನು ದುಂಬಿಯಂತಹ ಬಲವಾದ ಕೀಟ ಬಿಚ್ಚಬಲ್ಲುದಾದರೆ, ಸಣ್ಣ ಕಣಜಕ್ಕೂ ಹೂನೊಣಕ್ಕೂ ಕೊತ್ತಂಬರಿಯಂತಹ ತೆರೆದ ಹೂವೇ ಬೇಕು. ಹಳೆಯ ಮೈಸೂರಿನ ಸೀಮೆಯಲ್ಲಿ ರಾಗಿಯ ಹೊಲಕ್ಕೆ ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆಗಳನ್ನು ಅಕ್ಕಡಿಸಾಲಾಗಿ ಹಾಕುತ್ತಿದ್ದ ಹಿರಿಯರು ಈ ಮೂರನ್ನೂ ಪಾಲಿಸಿದ್ದರು.

೪. ಆಯಾ ನೆಲಕ್ಕೆ ತಕ್ಕ ಬೆರಕೆಗಳು

ಕೆಂಪುನೆಲದ ಖುಷ್ಕಿ ಬದು: ಒಂದು ಗುಂಟೆಗೆ ಹುರುಳಿ ೭೫ ಗ್ರಾಂ, ಅಲಸಂದೆ ೫೦ ಗ್ರಾಂ, ಹುಚ್ಚೆಳ್ಳು ೧೦ ಗ್ರಾಂ, ಎಳ್ಳು ೫ ಗ್ರಾಂ, ತೊಗರಿ ೧೨ ಗ್ರಾಂ. ಪಾಲಿನ ಲೆಕ್ಕದಲ್ಲಿ ಇವು ಕ್ರಮವಾಗಿ ೩೦, ೨೦, ೨೦, ೨೦, ೧೦ ಪೈಸೆಗಳಾಗಿ ಒಂದು ರೂಪಾಯಿ ಭರ್ತಿಯಾಗುತ್ತದೆ. ಆರಿದ್ರೆಯ ಮಳೆಗೆ ಬಿತ್ತಿದರೆ ಎಳ್ಳೂ ಅಲಸಂದೆಯೂ ಸುಮಾರು ನಲವತ್ತು ದಿನಗಳಲ್ಲಿ ಹೂ ತೆಗೆಯುವುವು. ಹುಚ್ಚೆಳ್ಳೂ ಹುರುಳಿಯೂ ಅವುಗಳ ಹಿಂದೆ ಬರುವುವು. ತೊಗರಿಯು ಕಾರ್ತಿಕದವರೆಗೆ ನಡೆಯಿಸುವುದು. ಇದರ ಜೊತೆಗೆ ಆ ಊರಿನಲ್ಲಿಯೇ ಕೂಡಿಸಿದ ತುಂಬೆಯ ಬೀಜ ಒಂದು ಹಿಡಿ, ಕಾಮಕಸ್ತೂರಿಯ ಬೀಜ ಒಂದು ಚಿಟಿಕೆ ಸೇರಿಸಬಹುದು. ತುಂಬೆಯು ಒಮ್ಮೆ ನೆಲೆಯೂರಿದರೆ ಮರುವರ್ಷ ಬಿತ್ತುವ ಕೆಲಸವಿಲ್ಲ.

ಎರೆಭೂಮಿಯ ಬದು: ಧಾರವಾಡ, ಗದಗ, ವಿಜಯಪುರ, ರಾಯಚೂರುಗಳ ಕರಿನೆಲವು ಮುಂಗಾರಿನಲ್ಲಿ ಕೆಸರಾಗಿ ಬೇಸಿಗೆಯಲ್ಲಿ ಬಿರಿಯುತ್ತದೆ. ಇಲ್ಲಿ ಹಿಂಗಾರಿ ಬೆರಕೆಯೇ ಮೇಲು. ಹುಬ್ಬೆ, ಉತ್ತರೆ ಮಳೆಗಳಲ್ಲಿ ಗುಂಟೆಗೆ ಕೊತ್ತಂಬರಿ ೪೫ ಗ್ರಾಂ, ಅಗಸೆ ೭೫ ಗ್ರಾಂ, ಗುರೆಳ್ಳು ೧೦ ಗ್ರಾಂ, ಕುಸುಬೆ ೨೦ ಗ್ರಾಂ ಹಾಕತಕ್ಕದ್ದು. ಪಾಲು ೩೦, ೩೦, ೨೦, ೨೦. ಗುರೆಳ್ಳೆಂಬುದು ಆ ಸೀಮೆಯಲ್ಲಿ ಹುಚ್ಚೆಳ್ಳಿನ ಹೆಸರು. ಕೊತ್ತಂಬರಿಯ ಕಾಳನ್ನು ಉಜ್ಜಿ ಎರಡಾಗಿ ಒಡೆದು ಬಿತ್ತಬೇಕು. ಕುಸುಬೆಯನ್ನು ಬೆರಸದೆ ಬದುವಿನ ಹೊರಮಗ್ಗುಲಲ್ಲಿ ಸಾಲಾಗಿ ಊರಿದರೆ ಅದರ ಮುಳ್ಳೇ ಬೇಲಿಯಾಗಿ ಒಳಗಿನ ಬೆರಕೆಯನ್ನೂ ಜೋಳವನ್ನೂ ದನಗಳಿಂದ ಕಾಯುವುದು. ಅಲ್ಲಿಯ ಒಕ್ಕಲಿಗರು ಬಹುಕಾಲದಿಂದ ನಡೆಸಿಕೊಂಡು ಬಂದ ಪದ್ಧತಿಯಿದು.

ಬತ್ತದ ಗದ್ದೆಯ ಬದು: ಕಾವೇರಿ, ಭದ್ರಾ, ತುಂಗಭದ್ರಾ ನಾಲೆಗಳ ಬಯಲಿನಲ್ಲಿ ಬದುವು ಒಂದಡಿಯಷ್ಟೇ ಅಗಲ. ನೂರು ಮೀಟರಿಗೆ ಗುಂಟೆಯ ಲೆಕ್ಕದ ಮೂರರಲ್ಲೊಂದು ಪಾಲು ಸಾಕು. ಗುಂಟೆಗೆ ಅಲಸಂದೆ ೭೫ ಗ್ರಾಂ, ಉದ್ದು ೬೦ ಗ್ರಾಂ, ಎಳ್ಳು ೫ ಗ್ರಾಂ, ತೊಗರಿ ೨೪ ಗ್ರಾಂ. ಪಾಲು ೩೦, ೩೦, ೨೦, ೨೦. ಬದುವಿನ ನೆತ್ತಿಯಲ್ಲಿ ಮಾತ್ರ ಬಿತ್ತಬೇಕು, ನೀರು ತಾಗುವ ಮಗ್ಗುಲಲ್ಲಿ ಬಿತ್ತಬಾರದು. ಗದ್ದೆಗೆ ಕೆಸರು ಕಲಸುವ ಕಾಲಕ್ಕೆ ಬದುವಿಗೂ ಬಿತ್ತಿದರೆ ಜಿಗಿಹುಳು ಏಳುವ ಹೊತ್ತಿಗೆ ಹೂವು ಸಿದ್ಧವಾಗಿರುವುದು.

ಮಲೆನಾಡು, ಕರಾವಳಿ: ಜಂಬಿಟ್ಟಿಗೆ ಮಣ್ಣಿನ ಇಳಿಜಾರಿನಲ್ಲಿ ಮುಂಗಾರಿಗೆ ಎರಚಿದ ಬೀಜವು ಹೊಳೆಯ ಪಾಲಾಗುವುದು. ಅಲ್ಲಿ ಬಿತ್ತುವುದಕ್ಕಿಂತ ಉಳಿಸಿಕೊಳ್ಳುವುದೇ ಕೆಲಸ. ಮಳೆಗಾಲದಲ್ಲಿ ಧರೆಗಳ ಮೇಲೆ ತಾವಾಗಿ ಏಳುವ ಕರ್ಣಕುಂಡಲ ಮೊದಲಾದ ಹೂಗಿಡಗಳನ್ನು ಹೂವು ಕಳೆಯುವವರೆಗೆ ಸವರದೆ ಬಿಡಬೇಕು; ಆಷಾಢ, ಶ್ರಾವಣಗಳು ತುಡುವೆ ಜೇನಿಗೆ ಅಲ್ಲಿ ಹಸಿವಿನ ಕಾಲ. ಬಿತ್ತಲೇಬೇಕಾದ ಹೊಸ ಧರೆಯಿದ್ದರೆ ಮಳೆಯ ಬಿರುಸು ತಗ್ಗಿದ ಮೇಲೆ, ಹುಬ್ಬೆಯಲ್ಲಿ, ಅದೇ ಊರಿನ ಹುಲ್ಲುಹೂಗಳ ಬೀಜವನ್ನೇ ಹಾಕತಕ್ಕದ್ದು.

ಕೆರೆಯ ಏರಿ: ಏರಿಯನ್ನು ಅಗೆದು ಬಿತ್ತಬಾರದು. ಮರವಾಗುವ ಯಾವ ಗಿಡವನ್ನೂ ಅದರ ಮೈಮೇಲೆ ಬೆಳೆಯಗೊಡಬಾರದು. ಬೇರು ಸತ್ತು ಕೊಳೆತ ಜಾಡಿನಲ್ಲಿ ನೀರು ಜಿನುಗಲಾರಂಭಿಸುವುದು. ಏರಿಗೆ ಗರಿಕೆಯ ಹೊದಿಕೆಯೇ ಸರಿ. ಏರಿಯಿಂದ ದೂರ ಸರಿದ ಕಾಲುವೆಯಂಚಿನಲ್ಲಿ ಗರುಗ, ಒಂದೆಲಗಗಳೂ, ಅಚ್ಚುಕಟ್ಟಿನ ಎಲ್ಲೆಯಲ್ಲಿ ಲಕ್ಕಿಯೂ ಇರಬಹುದು. ಲಕ್ಕಿಯ ಹೂವಿಗೆ ಜೇನು ಮುತ್ತುತ್ತದೆ, ಸೊಪ್ಪನ್ನು ದನ ಮುಟ್ಟುವುದಿಲ್ಲ. ಗುಂಡ್ಲುಪೇಟೆಯ ಕಡೆಯ ರೈತರು ಬದುವಿನ ಗಡಿಗೆ ನೆಡುತ್ತ ಬಂದ ಲಾವಂಚವು ಮಣ್ಣು ಹಿಡಿಯುವುದರಲ್ಲಿ ಎಲ್ಲಕ್ಕೂ ಮಿಗಿಲು. ಅದರ ಸಾಲಿನ ಹಿಂದೆ ಬೆರಕೆಯನ್ನು ಬಿತ್ತಿದರೆ ಮಳೆಗೆ ಕೊಚ್ಚಿಹೋಗದು.

ಈ ವಾರ್ಷಿಕ ಗಿಡಗಳೆಲ್ಲ ಪುಷ್ಯಮಾಸದ ಹೊತ್ತಿಗೆ ಒಣಗುವುವು. ಮುಂದಿನ ಬೇಸಿಗೆಯ ಕೊರತೆಯನ್ನು ತುಂಬತಕ್ಕವು ಬೇವು, ಹೊಂಗೆ, ನೇರಳೆ, ಹುಣಸೆ ಮರಗಳು. ಮರವಿಲ್ಲದ ಊರಿನಲ್ಲಿ ಬೆರಕೆಬೀಜದ ಕೆಲಸವು ಅರ್ಧ ಮಾತ್ರ ನಡೆಯುವುದು.

೫. ಗೋಮಾಳದ ವಿಷಯ

ಗೋಮಾಳವನ್ನು ಎರಡು ಬಗೆಯಾಗಿ ವಿಂಗಡಿಸಿ ನೋಡಬೇಕು. ಹಳೆಯ ಹುಲ್ಲು ಇನ್ನೂ ಜೀವಂತವಾಗಿರುವ ಕಾವಲುಗಳು ಮೊದಲನೆಯವು. ಅಮೃತಮಹಲ್ ಕಾವಲುಗಳಲ್ಲಿ ಉಳಿದಿರುವಂತಹ ಹುಲ್ಲುಗಾವಲು ನೂರಾರು ವರ್ಷಗಳಲ್ಲಿ ತಾನಾಗಿ ಕೂಡಿಕೊಂಡ ಬೆರಕೆ. ಅದನ್ನು ಉತ್ತು ಬೇರೆ ಬಿತ್ತುವುದು ತುಂಬಿದ ಕಣಜವನ್ನು ಸುರಿದು ಖಾಲಿ ಚೀಲ ಇಡುವಂತಾಗುವುದು. ಅಲ್ಲಿ ಮಾಡತಕ್ಕದ್ದು ಇಷ್ಟೇ: ಕಾವಲನ್ನು ಮೂರು ಪಾಲು ಮಾಡಿ, ವರ್ಷಕ್ಕೊಂದು ಪಾಲನ್ನು ಹುಲ್ಲು ಬೀಜ ಉದುರುವವರೆಗೆ ಮೇಯಿಸದೆ ಬಿಡುವುದು.

ಎರಡನೆಯದು ಕಾಂಗ್ರೆಸ್ ಗಿಡ ಹಬ್ಬಿದ ಗೋಮಾಳ. ಈ ಗಿಡವು ನಮ್ಮ ದೇಶದಲ್ಲಿ ಹಬ್ಬುತ್ತಿರುವುದನ್ನು ೧೯೫೫–೫೬ರಲ್ಲಿ ಪುಣೆಯಲ್ಲಿ ಗುರುತಿಸಲಾಯಿತು. ಒಂದೊಂದು ಗಿಡ ಸಾವಿರಾರು ಬೀಜ ಉದುರಿಸುವುದು. ಮುಟ್ಟಿದವರಿಗೆ ತುರಿಕೆ, ಪರಾಗವನ್ನು ಉಸಿರಾಡಿದವರಿಗೆ ಉಬ್ಬಸ. ಮೆಕ್ಸಿಕೋ ದೇಶದಿಂದ ತರಿಸಿದ ಎಲೆ ತಿನ್ನುವ ದುಂಬಿಯನ್ನು ೧೯೮೪ರಲ್ಲಿ ಬೆಂಗಳೂರಿನಲ್ಲಿ ಬಿಡಲಾಯಿತು. ಮಳೆಗಾಲದಲ್ಲಿ ಅದು ಚೆನ್ನಾಗಿ ಕೆಲಸ ಮಾಡುವುದು, ಬೇಸಿಗೆಯಲ್ಲಿ ಮಣ್ಣಿನೊಳಗೆ ಅಡಗುವುದು. ಆದ್ದರಿಂದ ಅದರ ಜೊತೆಗೆ ಗಿಡದಿಂದಲೇ ಗಿಡವನ್ನು ಅಡಗಿಸುವ ಉಪಾಯವೂ ಬೇಕು. ತಗಚೆಯು ಒತ್ತಾಗಿ ಬೆಳೆದ ಕಡೆ ಕಾಂಗ್ರೆಸ್ ಗಿಡ ತಲೆಯೆತ್ತಲಾರದು. ಮಾಗಿದ ತಗಚೆಯ ಕಾಯಿಗಳನ್ನು ಕಾರ್ತಿಕ, ಮಾರ್ಗಶಿರಗಳಲ್ಲಿ ಕಿತ್ತು ಬಡಿದು ಬೀಜ ತೆಗೆದಿಟ್ಟು, ಮುಂಗಾರಿನ ಮೊದಲ ಮಳೆಗೆ ಮುನ್ನ ಧಾರಾಳವಾಗಿ ಎರಚತಕ್ಕದ್ದು. ಹಸಿ ತಗಚೆಯನ್ನು ದನ ತಿನ್ನದಾದ್ದರಿಂದ ಬೇಲಿಯ ವೆಚ್ಚವಿಲ್ಲ. ಆದರೆ ಅದೇ ಕಾರಣದಿಂದ ಇದನ್ನು ಕಳೆ ಹಬ್ಬಿದ ಭಾಗಕ್ಕೆ ಮಾತ್ರ ಮೀಸಲಿಡಬೇಕು, ಒಳ್ಳೆಯ ಹುಲ್ಲಿನ ಮೇಲೆ ಎರಚಬಾರದು.

ಈ ಕಳೆಯ ಕೇಡು ಗೋಮಾಳದಲ್ಲಿಯೇ ನಿಲ್ಲುವುದಿಲ್ಲ. ೧೯೯೭ರಲ್ಲಿ ಕರ್ನಾಟಕದಲ್ಲಿ ಕಾಣಿಸಿಕೊಂಡ ಸೂರ್ಯಕಾಂತಿಯ ಕರಕು ನಂಜುರೋಗವು ಕಾಂಗ್ರೆಸ್ ಗಿಡದ ಪರಾಗದೊಡನೆ ಸಾಗುತ್ತದೆ. ಥ್ರಿಪ್ಸ್ ಎಂಬ ನುಸಿಗಳು ಆ ಪರಾಗವನ್ನು ಹೊತ್ತು ಬೆಳೆಗೆ ತಲುಪಿಸುವುವು. ಒಂದು ಬದುವಿನ ಹೂವು ಬೆಳೆಗೆ ಅನ್ನವಾದರೆ ಇನ್ನೊಂದು ಬದುವಿನ ಹೂವು ವಿಷವಾಗುವುದು. ಬದುವಿನಲ್ಲಿ ಯಾವ ಹೂವಿದೆಯೆಂಬುದು ಬರಿಯ ಅಂದದ ಪ್ರಶ್ನೆಯಲ್ಲವೆಂಬುದಕ್ಕೆ ಇದೇ ನಿದರ್ಶನ.

೬. ತರಬಾರದ ಬೀಜಗಳು

ಲಂಟಾನವು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ತೋಟದ ಅಲಂಕಾರಕ್ಕೆಂದು ಕಲ್ಕತ್ತೆಗೆ ಬಂದ ಗಿಡ. ಇಂದು ಬಂಡೀಪುರ, ಬಿಳಿಗಿರಿರಂಗನ ಬೆಟ್ಟಗಳ ಕಾಡಿನಲ್ಲಿ ಆನೆ, ಜಿಂಕೆಗಳ ಮೇವಿನ ಜಾಗವನ್ನು ಅದು ಆಕ್ರಮಿಸಿದೆ. ಅದೂ ಚಂದದ ಹೂವೇ. ಪೊಟ್ಟಣದ ಬೆರಕೆಗಳಲ್ಲಿ ಸಾಮಾನ್ಯವಾಗಿರುವ ಹಳದಿ ಕಾಸ್ಮಾಸ್ ಮೆಕ್ಸಿಕೋ ಕಡೆಯದು. ಅದು ನಮ್ಮಲ್ಲಿ ತೋಟದಾಚೆಗೂ ಹಬ್ಬಿಕೊಂಡಿದೆ. ಅಂತಹವುಗಳನ್ನು ಮನೆಯಂಗಳದ ಪಾತಿಯಲ್ಲಿ ಕಣ್ಣಳತೆಯಲ್ಲಿಟ್ಟು ಬೆಳೆಸಬಹುದು; ಗೋಮಾಳ, ಕೆರೆಯಂಗಳ, ಕಾಡಿನಂಚುಗಳಿಗೆ ಒಯ್ಯಬಾರದು. ಪೊಟ್ಟಣದ ಮೇಲೆ ಒಳಗಿರುವ ಗಿಡಗಳ ಹೆಸರೂ ಪಾಲೂ ಬರೆದಿಲ್ಲದಿದ್ದರೆ ಅದನ್ನು ಕೊಳ್ಳಲೇಬಾರದು. ಹೆಸರಿಲ್ಲದ ಬೀಜವನ್ನು ಸಾರ್ವಜನಿಕ ಭೂಮಿಗೆ ಎರಚುವುದು ಗುರುತಿಲ್ಲದ ಹೋರಿಯನ್ನು ಊರ ಮಂದೆಗೆ ಬಿಡುವುದಕ್ಕೆ ಸಮಾನ.

೭. ಬೀಜದ ಪರೀಕ್ಷೆ, ಬಿತ್ತನೆ, ಪಾಲನೆ

ಕೊಂಡ ಬೀಜವಾಗಲಿ ಕೂಡಿಸಿದ್ದಾಗಲಿ, ನೂರು ಕಾಳನ್ನು ಎಣಿಸಿ ಒದ್ದೆಬಟ್ಟೆಯಲ್ಲಿ ಸುತ್ತಿ ನೆರಳಿನಲ್ಲಿಟ್ಟು ವಾರದ ಮೇಲೆ ಮೊಳೆತುದನ್ನು ಎಣಿಸಬೇಕು. ಅರ್ಧ ಮಾತ್ರ ಮೊಳೆತರೆ ಬೀಜದ ಪ್ರಮಾಣವನ್ನು ಇಮ್ಮಡಿಸಬೇಕು. ಹುಚ್ಚೆಳ್ಳಿನ ಬೀಜದಲ್ಲಿ ಆಕಾಶಬಳ್ಳಿಯ ಸಣ್ಣ ದುಂಡುಬೀಜ ಬೆರೆತಿರುವುದುಂಟು. ಅದು ಹಳದಿ ನೂಲಿನಂತೆ ಹಬ್ಬಿ ಗಿಡದ ರಸ ಹೀರುವ ಕಳೆಯಾದ್ದರಿಂದ ಸಣ್ಣ ಕಣ್ಣಿನ ಜರಡಿಯಲ್ಲಿ ಆಡಿಸಿ ತೆಗೆದುಹಾಕತಕ್ಕದ್ದು. ತಗಚೆ, ತಂಗಡಿಗಳ ಬೀಜದ ಸಿಪ್ಪೆ ಗಟ್ಟಿ. ಒರಟು ಮರಳಿನೊಡನೆ ಚೀಲದಲ್ಲಿ ಹಾಕಿ ಉಜ್ಜಿದರೆ ಮೊಳಕೆ ಬೇಗ ಬರುವುದು. ಕಾಡುಗಿಡದ ಬೀಜ ಕೂಡಿಸುವಾಗ ಹಲವು ಗಿಡಗಳಿಂದ ಸ್ವಲ್ಪ ಸ್ವಲ್ಪವಾಗಿ ತೆಗೆದು, ಮೂರರಲ್ಲಿ ಎರಡು ಪಾಲನ್ನು ಅಲ್ಲಿಯೇ ಉದುರಗೊಡಬೇಕು.

ಮೊದಲ ಮಳೆಗೆ ಕಳೆ ಎದ್ದ ಮೇಲೆ ಒಮ್ಮೆ ತೆಳುವಾಗಿ ಕೆರೆದುಹಾಕಿ, ಎರಡನೆಯ ಹದಕ್ಕೆ ಬಿತ್ತುವುದು ಉತ್ತಮ. ಗೊಬ್ಬರ ಬೇಡ, ಕೊಬ್ಬಿದ ನೆಲದಲ್ಲಿ ಒರಟು ಹುಲ್ಲು ಬೆಳೆದು ಹೂಗಿಡವನ್ನು ನುಂಗುವುದು. ಸಣ್ಣ ಬೀಜಕ್ಕೆ ಹತ್ತರಷ್ಟು ಒಣಮರಳು ಬೆರಸಿ ಎರಚಿ, ಮುಳ್ಳುಕಂಪೆಯನ್ನು ಎಳೆದರೆ ಸಾಕು. ದಪ್ಪ ಕಾಳನ್ನು ಬೇರೆಯಾಗಿ ಮೊದಲೇ ಊರಬೇಕು. ಏಕೆಂದರೆ ಎರಡನ್ನೂ ಒಂದೇ ಚೀಲದಲ್ಲಿ ಹೊತ್ತರೆ ದಾರಿಯಲ್ಲಿ ಸಣ್ಣದೆಲ್ಲ ತಳ ಸೇರುವುದು.

ಬಿತ್ತಿದ ಮೇಲೆ ಅರುವತ್ತು ದಿನ ದನ ನುಗ್ಗದಂತೆ ಕಾಯಬೇಕು. ಬೀಜ ಉದುರುವ ಮುನ್ನ ಬದುವನ್ನು ಸವರಬಾರದು. ಸವರುವಾಗಲೂ ಒಂದು ಮಗ್ಗುಲನ್ನು ಈ ವರ್ಷ, ಇನ್ನೊಂದನ್ನು ಮುಂದಿನ ವರ್ಷ. ನೆಲದಲ್ಲಿ ಗೂಡು ಮಾಡುವ ನೊಣಗಳಿಗಾಗಿ ಬದುವಿನ ಒಂದೆರಡು ಮಾರು ಜಾಗವನ್ನು ಬರಿದಾಗಿಯೇ, ಅಗೆಯದೆ ಬಿಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಹೂ ಬಿಟ್ಟ ಬದುವಿನ ಮೇಲೆ ಕೀಟನಾಶಕ ಬೀಳಗೊಡಬಾರದು. ಬೆಳೆಗೆ ಸಿಂಪಡಿಸಲೇಬೇಕಾದ ಸಂದರ್ಭ ಒದಗಿದರೆ ನೊಣಗಳು ಗೂಡು ಸೇರಿದ ಮೇಲೆ, ಸಾಯಂಕಾಲ,ಗಾಳಿಯಿಲ್ಲದಾಗ ಸಿಂಪಡಿಸತಕ್ಕದ್ದು. ನೊಣವನ್ನು ಕರೆದು ಊಟಕ್ಕೆ ಕೂರಿಸಿ ವಿಷವಿಕ್ಕುವುದಕ್ಕಿಂತ ಬದುವನ್ನು ಬರಿದಾಗಿ ಬಿಡುವುದೇ ಲೇಸು.

ಮುಖಂಡರ ಕರ್ತವ್ಯ

ಸ್ವಂತ ಬದುವಿಗೆ ಬಿತ್ತುವುದು ಜಮೀನುದಾರನೊಬ್ಬನ ಇಚ್ಛೆಗೆ ಸೇರಿದ್ದು. ಆದರೆ ಜೇನ್ನೊಣಕ್ಕೆ ಸರ್ವೆ ನಂಬರು ತಿಳಿಯದು. ಒಬ್ಬನ ಬದುವಿನಲ್ಲಿ ಹೊಟ್ಟೆ ತುಂಬಿಸಿಕೊಂಡ ನೊಣ ಇನ್ನೊಬ್ಬನ ಕುಂಬಳವನ್ನು ಕಾಯಿ ಕಟ್ಟಿಸುವುದು. ಒಬ್ಬನು ಹೊತ್ತಲ್ಲದ ಹೊತ್ತಿನಲ್ಲಿ ಹೊಡೆದ ಔಷಧಿ ಇಡೀ ಊರಿನ ನೊಣವನ್ನು ಕೊಲ್ಲುವುದು. ಒಬ್ಬನ ಬೀಳಿನ ಕಾಂಗ್ರೆಸ್ ಗಿಡ ಹತ್ತು ಜನರ ಸೂರ್ಯಕಾಂತಿಗೆ ರೋಗ ಕಳುಹಿಸುವುದು. ಹೀಗಿರುವುದರಿಂದ ಗೋಮಾಳದ ಯಾವ ಪಾಲನ್ನು ಮೇಯಿಸದೆ ಬಿಡಬೇಕು, ತಗಚೆಯನ್ನು ಎಲ್ಲಿ ಎರಚಬೇಕು, ಊರಿನಲ್ಲಿ ಔಷಧಿ ಹೊಡೆಯುವ ಹೊತ್ತು ಯಾವುದು ಎಂಬ ಮೂರು ವಿಷಯಗಳನ್ನು ಗ್ರಾಮಸಭೆಯಲ್ಲಿಟ್ಟು ಎಲ್ಲರ ಒಪ್ಪಿಗೆಯಿಂದ ಗೊತ್ತುಮಾಡಬೇಕಾದವರು ಮುಖಂಡರೇ.

ಪ್ರಾರಂಭವು ಸಣ್ಣದಿರಲಿ. ಒಂದು ಬದು, ಒಂದು ಗುಂಟೆ, ಮೇಲೆ ಹೇಳಿದ ನೂರೈವತ್ತು ಗ್ರಾಮಿನಷ್ಟು ಬೆರಕೆ ಸಾಕು. ಇದರಲ್ಲಿ ಬಹುಪಾಲು ಮನೆಯ ಅಡಕೆಗಳಲ್ಲಿಯೇ ಇರುವ ಕಾಳು. ಕೊನೆಗೆ ಅದರ ಫಸಲೂ ಮನೆಗೇ ಬರುವುದು. ಹೂವಾದ ಕಾಲದಲ್ಲಿ ಮುಂಜಾನೆ ಹೋಗಿ ಹತ್ತು ನಿಮಿಷ ಆ ಬದುವಿನ ಮುಂದೆಯೂ, ಹತ್ತು ನಿಮಿಷ ಬರಿಯ ಬದುವಿನ ಮುಂದೆಯೂ ನಿಂತು, ಬಂದ ನೊಣ, ದುಂಬಿ, ಕಣಜಗಳನ್ನು ಎಣಿಸಿ ಬರೆದಿಟ್ಟುಕೊಳ್ಳಲಿ. ಪಕ್ಕದ ಬಳ್ಳಿಯಲ್ಲಿ ಉದುರಿದ ಹೀಚನ್ನೂ ನಿಂತ ಕಾಯನ್ನೂ ಎಣಿಸಲಿ. ಆ ಎರಡು ಲೆಕ್ಕಗಳು ಮರುವರ್ಷ ಎಷ್ಟು ಬದುಗಳಿಗೆ ಬಿತ್ತಬೇಕೆಂಬುದನ್ನು ಯಾರ ಉಪದೇಶವೂ ಇಲ್ಲದೆ ತಿಳಿಸುವುವು. ಆರಿದ್ರೆಯ ಮಳೆಗೆ ಮೊದಲೇ ಬೀಜವನ್ನು ಸಿದ್ಧಪಡಿಸಿಕೊಂಡಿರಬೇಕೆಂದು ವಾಚಕರಲ್ಲಿ ವಿಜ್ಞಾಪನೆ.